ಜಾಣಕಿವುಡು

ಕಿವಿಯಮ್ಮನಲ್ಲಿ ಕನಿಕರವೆಂಬುದು ಹೆಸರಿಗೂ ಇರಲಿಲ್ಲ. ಎದುರಿಗೆ ಬಂದು ಕುಳಿತವರು ಸುಳ್ಳು ಹೇಳುತ್ತಿದ್ದಾರೆ ಎಂದು ನಂಬಿಕೊಂಡೇ ಕೆಲಸ ಶುರುಮಾಡುವ ಹೆಂಗಸು. ಪರೀಕ್ಷೆಯೆಲ್ಲ ಮುಗಿದು ಅವರು ಹೇಳಿದ್ದು ನಿಜವೆಂದು ತಿಳಿದರೆ, ಹಿಡಿದ ಮೀನು ಕೈಜಾರಿದವರಂತೆ ಮುಖ ಸಣ್ಣಗೆ ಮಾಡಿಕೊಳ್ಳುತ್ತಿದ್ದಳು.

ದೊಡ್ಡದೊಂದು ಆಸ್ಪತ್ರೆಯಲ್ಲಿ ಶ್ರವಣ ಪರೀಕ್ಷೆ ಮಾಡುವುದು ಅವಳ ಕೆಲಸ. ಅದರಲ್ಲೇ ತಲೆ ನರೆತಿತ್ತು. ಚಹಾ ತರುವವನಿಂದ ಹಿಡಿದು ವಿಭಾಗದ ಡಾಕ್ಟರವರೆಗೆ ಎಲ್ಲರೂ ಬೆನ್ನ ಹಿಂದೆ ಅವಳನ್ನು ಕಿವಿಯಮ್ಮ ಎನ್ನುತ್ತಿದ್ದರು. ಬೆನ್ನ ಹಿಂದೆ ಎಂಬುದು ಅವರ ಎಣಿಕೆ. ಕಾರಿಡಾರಿನ ಆ ತುದಿಯಲ್ಲಿ ಪಿಸುಗುಟ್ಟಿದರೂ ಈ ತುದಿಯಲ್ಲಿ ಅವಳಿಗೆ ಕೇಳಿಸುತ್ತಿತ್ತು. ಆ ಹೆಸರಿನ ಬಗ್ಗೆ ಅವಳಿಗೆ ಬೇಸರವೇನೂ ಇರಲಿಲ್ಲ. ಕರೆದವರು ಯಾರು ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಿದ್ದಳು.

ಅವಳ ಕೋಣೆಯೊಳಗೆ ಇನ್ನೊಂದು ಪುಟ್ಟ ಕೋಣೆ. ಅದಕ್ಕೆ ಉಗ್ರಾಣಕ್ಕಿರುವಂಥ ದಪ್ಪ ಬಾಗಿಲು, ಗೋಡೆಗಳಿಗೆಲ್ಲ ತೂತುತೂತಿನ ಹಲಗೆ, ಒಂದು ಗೋಡೆಗೆ ಗಾಜಿನ ಕಿಟಕಿ, ನೆಲಕ್ಕೆ ದಪ್ಪನೆಯ ಹಾಸು, ನಡುವೆ ಒಂದು ಕುರ್ಚಿ. ಬಾಗಿಲು ಮುಚ್ಚಿದರೆ ಹೊರಗೆ ತಟ್ಟೆ ಬಿದ್ದು ಒಡೆದರೂ ಒಳಗೆ ಸುಳಿವಿಲ್ಲ. ಪರೀಕ್ಷೆಗೆ ಬಂದವರು ಆ ಕುರ್ಚಿಯಲ್ಲಿ ಕುಳಿತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕೈಯಲ್ಲಿ ಗುಂಡಿ ಹಿಡಿದಿರಬೇಕು. ಸದ್ದು ಕೇಳಿಸಿದಾಗ ಗುಂಡಿ ಒತ್ತಬೇಕು, ಅಷ್ಟೇ. ಒತ್ತಿದರೆ ಹೊರಗಿನ ಯಂತ್ರದಲ್ಲಿ ದೀಪ ಬೆಳಗುತ್ತಿತ್ತು. ಕಿವಿಯಮ್ಮ ಗಾಜಿನ ಈಚೆ ಯಂತ್ರದ ಮುಂದೆ ಕುಳಿತು, ತಾನೂ ಒಂದು ಹೆಡ್‌ಫೋನ್ ಹಾಕಿಕೊಂಡು, ಸದ್ದನ್ನು ಏರಿಸುತ್ತ ಇಳಿಸುತ್ತ ಇರುವಳು. ಒಳಗಿನವರ ಮಾತು ಅವಳ ಕಿವಿಗೆ ಬರುತ್ತಿತ್ತು. ಮೇಜಿನ ಮೇಲಿನ ಮೈಕಿನ ಗುಂಡಿ ಒತ್ತಿ ಅವಳು ಮಾತಾಡಿದರೆ ಅದು ಒಳಗಿನವರ ಕಿವಿಗೆ ಹೋಗುತ್ತಿತ್ತು.

ಬರುವವರಲ್ಲಿ ಹೆಚ್ಚಿನವರು ನಿಜವಾಗಿಯೂ ಕಿವಿ ಮಂದವಾದವರು. ಅವರಲ್ಲಿ ಅವಳಿಗೆ ಆಸಕ್ತಿ ಇರಲಿಲ್ಲ. ಅವಳ ಕಣ್ಣಿದ್ದದ್ದು ಉಳಿದವರ ಮೇಲೆ. ಬೇಡದ ಕೆಲಸ ತಪ್ಪಿಸಿಕೊಳ್ಳಲು ಕಿವುಡಾದವರು, ಮನೆಯ ಜಗಳದಿಂದ ನುಣುಚಿಕೊಳ್ಳಲು ಕಿವುಡಾದವರು, ಕೋರ್ಟಿನಲ್ಲಿ ಒಂದು ಮಾತು ತಮಗೆ ಕೇಳಿಸಲೇ ಇಲ್ಲವೆಂದು ಹೇಳಿ ಅದನ್ನು ಸಾಧಿಸಲೇಬೇಕಾಗಿ ಬಂದವರು. ಇದಕ್ಕೆ ಊರ ಬಾಯಲ್ಲಿ ಜಾಣಕಿವುಡು ಎನ್ನುತ್ತಾರೆ. ಜಾಣತನ ಎಲ್ಲಿ ಮುಗಿದು ಕಿವುಡು ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯುವುದರಲ್ಲಿ ಕಿವಿಯಮ್ಮನನ್ನು ಮೀರಿಸುವವರು ಇರಲಿಲ್ಲ.

“ಮೇಡಂ, ನಿಮ್ಮ ಕೈಗೆ ಸಿಕ್ಕರೆ ಕಲ್ಲುಗುಂಡಿಗೂ ಕಿವಿ ಕೇಳಿಸುತ್ತೆ ಅಂತ ಬರೆದುಬಿಡ್ತೀರಿ,” ಎಂದು ಡಾಕ್ಟರು ಒಮ್ಮೆ ತಮಾಷೆ ಮಾಡಿದ್ದರು.

“ಕೇಳಿಸದಿದ್ರೆ ಕೇಳಿಸಲ್ಲ ಅಂತಲೇ ಬರೀತೀನಿ ಸರ್. ಮೊದಲು ಅದು ಬಂದು ಕೂತ್ಕೊಳ್ಳಲಿ,” ಎಂದಿದ್ದಳು ಆಕೆ, ನಗದೆ.

ಮುದುಕನೊಬ್ಬನ ಸಂಗತಿ ಆಸ್ಪತ್ರೆಯಲ್ಲಿ ಇನ್ನೂ ಮಾತಾಗುತ್ತಿತ್ತು. ಮಕ್ಕಳು ಆಸ್ತಿ ಹಂಚಿಕೊಳ್ಳಲು ಕಿತ್ತಾಡುತ್ತಿದ್ದ ಮನೆಯಲ್ಲಿ ಆತ ವರ್ಷಗಟ್ಟಲೆ ಕಿವುಡನಾಗಿ ಬದುಕಿದ್ದ. ಊಟಕ್ಕೆ ಕರೆದರೂ ತಿರುಗುತ್ತಿರಲಿಲ್ಲವಂತೆ. ಯಾರಿಗೂ ಅನುಮಾನ ಬಂದಿರಲಿಲ್ಲ. ಕಿವಿಗೆ ಯಂತ್ರ ಕೊಡಿಸೋಣವೆಂದು ಮಕ್ಕಳು ಒಳ್ಳೆಯ ಮನಸ್ಸಿನಿಂದಲೇ ಕರೆತಂದರು. ಕಿವಿಯಮ್ಮ ಸ್ವಲ್ಪ ಹೊತ್ತಿನಲ್ಲೇ ಆತನ ಗುಟ್ಟನ್ನು ಹೊರಗೆಳೆದು, ಕಿವಿ ಚೆನ್ನಾಗಿಯೇ ಇದೆ ಎಂದು ಬರೆದು ಕೈಗಿಟ್ಟಳು. ಮುದುಕ ಬಾಗಿಲಲ್ಲಿ ನಿಂತು, “ಇಷ್ಟು ದಿನ ನೆಮ್ಮದಿಯಾಗಿದ್ದೆ ಕಣಮ್ಮ,” ಎಂದ. “ನೆಮ್ಮದಿಯ ಪರೀಕ್ಷೆ ಇಲ್ಲಿ ಮಾಡಲ್ಲ,” ಎಂದು ಆಕೆ ಮುಂದಿನವರನ್ನು ಕೂಗಿದಳು. ಇದನ್ನು ಕಂಡ ಆಯಾ ಆಮೇಲೆ ಬಹಳ ದಿನ ಅವಳ ಜೊತೆ ಚಹಾ ಕುಡಿಯಲಿಲ್ಲ.

ಅವಳ ಈ ಸ್ವಭಾವ ಆಸ್ಪತ್ರೆಯಲ್ಲಿ ಹುಟ್ಟಿದ್ದಲ್ಲ, ಮನೆಯಲ್ಲಿ ಬೆಳೆದದ್ದು. ಗಂಡ ಕಚೇರಿಯಿಂದ ಬಂದರೆ ಪತ್ರಿಕೆ ಬಿಡಿಸಿ ಕೂರುವ ಮನುಷ್ಯ. ಏನು ಹೇಳಿದರೂ “ಹೂಂ” ಎನ್ನುವುದು ಅವನ ರೂಢಿ. ಮದುವೆಯಾದ ಹೊಸದರಲ್ಲಿ ಅವಳು ಇದನ್ನು ಒಪ್ಪಿಗೆ ಎಂದುಕೊಂಡಿದ್ದಳು. ಒಂದು ಸಂಜೆ ಅನುಮಾನ ಬಂದು, ನಲ್ಲಿಯಲ್ಲಿ ನೀರು ಬರುತ್ತಿದೆ ಎನ್ನುವಷ್ಟೇ ಸಾದಾ ದನಿಯಲ್ಲಿ, “ಅಡುಗೆಮನೆಗೆ ಬೆಂಕಿ ಬಿದ್ದಿದೆ,” ಎಂದಳು. “ಹೂಂ,” ಎಂದ ಆತ, ಪುಟ ಮಗುಚುತ್ತ. “ನಿಮ್ಮ ತಂಗಿ ಬಂದಿದ್ದಾರೆ,” ಎಂದಾಗ ತಕ್ಷಣ ಪತ್ರಿಕೆ ಕೆಳಗಿಟ್ಟ. ಅಂದಿನಿಂದ ಅವಳು ಮನುಷ್ಯರ ಕಿವಿಗಿಂತ ಮುಖವನ್ನು ಹೆಚ್ಚು ನೋಡತೊಡಗಿದಳು.

ಅವಳು ಕಂಡುಕೊಂಡದ್ದು ಇಷ್ಟು. ಕೇಳಿಸದವನ ಮುಖಕ್ಕೆ ಕೆಲಸವಿರುವುದಿಲ್ಲ, ಅದು ತನ್ನ ಪಾಡಿಗೆ ತಾನಿರುತ್ತದೆ. ಕೇಳಿಸಿಯೂ ಕೇಳದಂತಿರುವವನ ಮುಖಕ್ಕೆ ಮೈತುಂಬ ಕೆಲಸ. ಜನ ‘ಕಡೆಗಣಿಸು’ ಎಂಬ ಮಾತನ್ನು ಬಾಯಿಗೆ ಬಂದಂತೆ ಬಳಸುತ್ತಾರೆ. ನೋಡದೇ ಹೋದದ್ದಕ್ಕೂ ಅದೇ, ಮರೆತದ್ದಕ್ಕೂ ಅದೇ, ಗೊತ್ತಿಲ್ಲದ್ದಕ್ಕೂ ಅದೇ. ಇದು ಅವಳಿಗೆ ಸೇರುತ್ತಿರಲಿಲ್ಲ. ಒಂದನ್ನು ಗಣನೆಗೆ ತಂದುಕೊಂಡು, ಅದರ ತೂಕ ನೋಡಿ, ಆಮೇಲೆ ಕಡೆಗೆ ತಳ್ಳಿದರೆ ಮಾತ್ರ ಅದು ಕಡೆಗಣಿಸಿದ್ದು. ಗಣನೆಗೇ ಬಾರದ್ದನ್ನು ಯಾರೂ ಕಡೆಗಣಿಸಲಾರರು. ಹಾಗಾಗಿ ಯಾರಾದರೂ ಬಂದು ಗಂಡ ನನ್ನನ್ನು ಕಡೆಗಣಿಸುತ್ತಾನೆ ಎಂದು ಅತ್ತುಕೊಂಡರೆ, ಅಷ್ಟಾದರೂ ಮಾಡುತ್ತಾನಲ್ಲ ಎಂದುಬಿಡುತ್ತಿದ್ದಳು. ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ವಿಷಯ ಹಾಗಿತ್ತು.

ಇಂಥವಳ ಬಾಗಿಲಿಗೆ ಒಂದು ಬೆಳಗ್ಗೆ ತಂಪು ಪಾನೀಯದ ಕಾರ್ಖಾನೆಯಿಂದ ವ್ಯಾನು ಬಂತು. ಅದರಿಂದ ಇಳಿದವರು ಮೂವರು. ಇಸ್ತ್ರಿ ಮಾಡಿದ ಅಂಗಿಯ ಮೇಲ್ವಿಚಾರಕ ಒಬ್ಬ. ಕೈಗೆ ದಪ್ಪ ಬ್ಯಾಂಡೇಜು ಕಟ್ಟಿಸಿಕೊಂಡ ಹೆಂಗಸು ಒಬ್ಬಳು. ಅವಳಿಗಿಂತ ಸ್ವಲ್ಪ ವಯಸ್ಸಾದ, ಎತ್ತರದ, ತುಟಿ ಬಿಗಿದ ಹೆಂಗಸು ಇನ್ನೊಬ್ಬಳು. ಹೆಂಗಸರಿಬ್ಬರೂ ಓರಗಿತ್ತಿಯರು, ಅಣ್ಣತಮ್ಮಂದಿರ ಹೆಂಡಿರು. ಒಂದೇ ಮನೆ, ಒಂದೇ ಒಲೆ, ಒಂದೇ ಕಾರ್ಖಾನೆ, ಬಾಟಲಿ ತೊಳೆಯುವ ಒಂದೇ ಬೆಲ್ಟು. ಕಾರಿಡಾರಿನ ಬೆಂಚಿನಲ್ಲಿ ಅವರು ಕುಳಿತದ್ದನ್ನು ಕಿವಿಯಮ್ಮ ಗಮನಿಸಿದಳು: ಇವಳು ಈ ತುದಿಗೆ, ಅವಳು ಆ ತುದಿಗೆ, ನಡುವೆ ಇನ್ನಿಬ್ಬರು ಕೂರುವಷ್ಟು ಜಾಗ.

ಮೇಲ್ವಿಚಾರಕ ಒಳಗೆ ಬಂದು ನಡೆದದ್ದನ್ನು ಹೇಳಿದ. ಹಿಂದಿನ ವಾರ ಬೆಲ್ಟಿನ ಸರಪಳಿಗೆ ಚಿಕ್ಕವಳ ಕೈ ಸಿಕ್ಕಿಬಿತ್ತು. ಬೆಲ್ಟು ನಿಲ್ಲಿಸುವ ಕೆಂಪು ಗುಂಡಿ ದೊಡ್ಡವಳ ಮೊಣಕೈಯ ಪಕ್ಕದಲ್ಲೇ ಇತ್ತು. ಚಿಕ್ಕವಳು ಕೂಗಿಕೊಂಡಳಂತೆ, ದೊಡ್ಡವಳು ಗುಂಡಿ ಒತ್ತಲು ತಡಮಾಡಿದಳು. ಎರಡು ಬೆರಳ ತುದಿ ಹೋಯಿತು. ಅವರಿಬ್ಬರೂ ಮಾತು ಬಿಟ್ಟು ವರ್ಷವಾಗಿದೆ ಎಂಬುದು ಕಾರ್ಖಾನೆಗೆಲ್ಲ ಗೊತ್ತು. ಕೇಳಿದರೆ ದೊಡ್ಡವಳು, ಕಿವಿ ಕೇಳಿಸುವುದಿಲ್ಲ ಎನ್ನುತ್ತಾಳೆ. ನಾಳೆ ವಿಚಾರಣೆ. ಕೇಳಿಸಿಯೂ ಸುಮ್ಮನಿದ್ದಳೆಂದು ಗೊತ್ತಾದರೆ ಕೆಲಸದಿಂದ ತೆಗೆಯುತ್ತಾರೆ. ನಿಜವಾಗಿ ಕಿವುಡಾದರೆ ಸದ್ದಿಲ್ಲದ ಕಡೆ, ಚೀಟಿ ಅಂಟಿಸುವ ಕೋಣೆಗೆ ಹಾಕುತ್ತಾರೆ.

“ನೀವು ಒಂದೇ ಒಂದು ಸಾಲು ಬರೆದುಕೊಟ್ರೆ ಸಾಕು ಮೇಡಂ. ಕೂಗು ಕೇಳಿಸಿಯೂ ಬೇಕಂತಲೇ ಕಡೆಗಣಿಸಿದ್ದಾರೆ ಅಂತ.”

ಕಿವಿಯಮ್ಮ ಅವನ ಅಂಗಿಯ ಕಾಲರನ್ನು ನೋಡಿದಳು. ಬೆಳಗ್ಗೆ ಎದ್ದವನೇ ತೀರ್ಪು ಬರೆದಿಟ್ಟು, ಆಮೇಲೆ ಇಸ್ತ್ರಿ ಮಾಡಿಕೊಂಡು ಬಂದಿದ್ದಾನೆ. ಕೈ ಸಿಗದಂತೆ ಬೆಲ್ಟಿಗೆ ಇರಬೇಕಾದ ಕಂಬಿಯ ಕಾಪು ಇತ್ತೇ ಎಂದು ವಿಚಾರಿಸಿದಳು. ಅವನು ತಡವರಿಸಿ, ಅದು ರಿಪೇರಿಗೆ ಹೋಗಿತ್ತು ಎಂದ. ಓಹೋ, ಇವನಿಗೂ ಒಬ್ಬರು ತಪ್ಪಿತಸ್ಥರು ಬೇಕಾಗಿದ್ದಾರೆ ಎಂದು ಅವಳಿಗೆ ಹೊಳೆಯಿತು.

“ಕಿವಿ ಕೇಳಿಸುತ್ತೋ ಇಲ್ವೋ ಅಷ್ಟು ನಾನು ಹೇಳ್ತೀನಿ. ಕಡೆಗಣಿಸಿದ್ರಾ ಅನ್ನೋದು ನನ್ನ ಮಿಷಿನ್ನಿಗೆ ಗೊತ್ತಾಗಲ್ಲ. ಹೊರಗಿರಿ,” ಎಂದಳು.

ಅವನು ಹೋದದ್ದೇ ತಡ, ಬ್ಯಾಂಡೇಜಿನ ಹೆಂಗಸು ಬಾಗಿಲ ಸಂದಿಯಲ್ಲಿ ತಲೆ ತೂರಿಸಿದಳು. ದೊಡ್ಡವಳು ನೀರು ಕುಡಿಯಲು ಹೋದ ಸಮಯ ನೋಡಿ ಬಂದಿದ್ದಳು.

“ಅಮ್ಮಾ, ಒಂದು ಮಾತು. ನಾನು ಕೂಗೇ ಇಲ್ಲ. ನಾಳೇನೂ ಅದನ್ನೇ ಹೇಳೋಳು.”

ಕಿವಿಯಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಕೈ ಸರಪಳಿಗೆ ಸಿಕ್ಕಿ ಬೆರಳು ಜಜ್ಜಿಹೋಗುವಾಗ ಬಾಯಿ ಮುಚ್ಚಿಕೊಂಡಿದ್ದ ಹೆಂಗಸನ್ನು ಅವಳು ಈವರೆಗೆ ಕಂಡಿರಲಿಲ್ಲ. “ಯಾರು ಹೇಳಿಕೊಟ್ರು?” ಎಂದು ಕೇಳಿದಳು.

“ಯಾರೂ ಇಲ್ಲ.”

“ಒಳಗೆ ಪರೀಕ್ಷೆಗೆ ಬರೋಳು ನಿನಗೆ ಏನಾಗಬೇಕು?”

“ಒಂದೇ ಮನೇಲಿದ್ದೀವಿ,” ಎಂದಳು ಚಿಕ್ಕವಳು. ಅಕ್ಕ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಕಿವಿಯಮ್ಮ ಅದನ್ನೂ ಗಮನಿಸಿದಳು.

“ಬೆರಳು ಹೋಗಿದ್ದು ನಿಂದು. ಅವಳನ್ನ ಉಳಿಸೋಕೆ ನಿನಗ್ಯಾಕೆ ಇಷ್ಟು ಆತುರ?”

ಚಿಕ್ಕವಳು ಮುಖ ಗಂಟಿಕ್ಕಿದಳು. “ಅವರ ಕೆಲಸ ಹೋದ್ರೆ ಹಗಲೆಲ್ಲ ಮನೇಲೇ ಇರ್ತಾರೆ. ನಂಗೂ ಕೈ ವಾಸಿಯಾಗೋವರೆಗೆ ರಜ. ದಿನವಿಡೀ ಆ ಮುಖ ನೋಡ್ಕೊಂಡಿರೋಕೆ ನನ್ನಿಂದಾಗಲ್ಲ.” ಇಷ್ಟು ಹೇಳಿ, ಕಾರಿಡಾರಿನಲ್ಲಿ ಹೆಜ್ಜೆ ಸಪ್ಪಳ ಕೇಳಿ ಸರಕ್ಕನೆ ಹೋದಳು.

ಈ ಉತ್ತರ ಕಿವಿಯಮ್ಮನಿಗೆ ಹಿಡಿಸಿತು. ನಂಬಿಕೆ ಮಾತ್ರ ಬರಲಿಲ್ಲ. ಮೇಲ್ವಿಚಾರಕನೇ ಇವಳಿಗೆ ಏನಾದರೂ ಆಸೆ ತೋರಿಸಿರಬಹುದು. ಇಲ್ಲವೆ ಮನೆಯ ಗಂಡಸರು ಹೆದರಿಸಿರಬಹುದು. ಅಥವಾ ಇಬ್ಬರೂ ಸೇರಿಕೊಂಡೇ ಮಾತುಬಿಟ್ಟವರ ನಾಟಕ ಆಡುತ್ತಿರಬಹುದು. ಮೂರನ್ನೂ ಮನಸ್ಸಿನಲ್ಲಿಟ್ಟುಕೊಂಡು ದೊಡ್ಡವಳನ್ನು ಒಳಗೆ ಕರೆದಳು.

ದೊಡ್ಡವಳು ಬಂದು ಕುಳಿತಳು. ಎದುರಿಗಿರುವವರ ತುಟಿ ನೋಡಿದರೆ ಸ್ವಲ್ಪ ಅರ್ಥವಾಗುತ್ತದೆ, ನೋಡದಿದ್ದರೆ ಏನೂ ಇಲ್ಲ ಎಂದು ಹೇಳಿಕೊಂಡಳು. ಕಿವಿಯಮ್ಮ ಹೆಡ್‌ಫೋನ್ ಹಾಕಿ, ಗುಂಡಿ ಕೈಗಿತ್ತು, ದಪ್ಪ ಬಾಗಿಲು ಮುಚ್ಚಿದಳು. ಮೊದಲ ಸುತ್ತು ಸದ್ದು ಬಿಟ್ಟಾಗ ಗುಂಡಿಯ ದೀಪ ಬೆಳಗಲೇ ಇಲ್ಲ. ಎರಡನೆಯ ಸುತ್ತಿನಲ್ಲಿ ಬಹಳ ದೊಡ್ಡ ಸದ್ದಿಗೆ ಒಮ್ಮೆ ಬೆಳಗಿತು. ಮೂರನೆಯದರಲ್ಲಿ ಅದೇ ಸದ್ದಿಗೆ ಬೆಳಗಲಿಲ್ಲ. ಸುಳ್ಳುಕಿವುಡರಿಗೆ ಇದೇ ತೊಂದರೆ. ಹಿಂದಿನ ಸಲ ಎಷ್ಟು ಕಿವುಡಾಗಿದ್ದೆ ಎಂಬುದನ್ನು ನೆನಪಿಟ್ಟುಕೊಳ್ಳಲು ಆಗುವುದಿಲ್ಲ.

ಆದರೂ ಮುಖದಲ್ಲಿ ಏನೂ ಕಾಣಲಿಲ್ಲ. ಕಿವಿಯಮ್ಮ ತಲೆ ಬಗ್ಗಿಸಿ, ಬಾಯಿ ಮರೆಮಾಡಿಕೊಂಡು, ಮೈಕಿನಲ್ಲಿ ಮೆಲ್ಲಗೆ, “ಮುಗೀತು, ಎದ್ದು ಬನ್ನಿ,” ಎಂದಳು. ಇದಕ್ಕೆ ಕೇಳಿಸುವವರ ಕೈ ತಾನಾಗಿ ಹೆಡ್‌ಫೋನಿನ ಕಡೆ ಹೋಗುತ್ತದೆ. ದೊಡ್ಡವಳ ಕೈ ಅಲುಗಲಿಲ್ಲ. “ನಿಮ್ಮ ಕುರ್ಚಿ ಕೆಳಗೆ ಇಲಿ ಇದೆ,” ಎಂದಳು. ಕಾಲು ಅಲುಗಲಿಲ್ಲ. “ನಿಮ್ಮ ಓರಗಿತ್ತಿ ನಿಮ್ಮ ಬಗ್ಗೆ ಏನೇನೋ ಹೇಳಿದಳು,” ಎಂದಳು. ರೆಪ್ಪೆ ಕೂಡ ಅಲುಗಲಿಲ್ಲ. ಬೇಕಾದಷ್ಟು ಜಾಣಕಿವುಡರನ್ನು ಕಂಡಿದ್ದ ಕಿವಿಯಮ್ಮ, ಇದು ಇಂದು ನಿನ್ನೆ ಕಲಿತ ವಿದ್ಯೆಯಲ್ಲ ಎಂದುಕೊಂಡಳು. ಹೊಟ್ಟೆ ತುಂಬಿದವರು ಬಡಿಸಲು ಬಂದ ತಟ್ಟೆಯನ್ನು ನೋಡುತ್ತಾರಲ್ಲ, ಅಂಥ ನೋಟ ಇವಳದು. ಬಹಳ ದಿನ, ಬಹಳ ಹೊತ್ತು, ಯಾರದೋ ಮಾತನ್ನು ಕಿವಿಗೆ ಬೀಳಿಸಿಕೊಂಡು ಒಳಗೆ ಬಿಟ್ಟುಕೊಳ್ಳದೆ ಪಳಗಿದ ಮುಖ.

ಕೊನೆಗೆ ತನ್ನ ಹಳೆಯ ಉಪಾಯಕ್ಕೆ ಕೈ ಹಾಕಿದಳು. ಬಾಗಿಲು ತೆರೆದು, ತುಟಿ ಕಾಣುವಂತೆ ನಿಂತು, “ನಿಮ್ಮ ಕೆಲಸ ಹೇಗಿರುತ್ತೆ ಅಂತ ಹೇಳ್ತಾ ಹೋಗಿ. ನಿಲ್ಲಿಸಬೇಡಿ,” ಎಂದಳು. ಮತ್ತೆ ಬಾಗಿಲು ಮುಚ್ಚಿ, ಅವಳ ಹೆಡ್‌ಫೋನಿಗೆ ಸಣ್ಣಗೆ ಗದ್ದಲ ಬಿಟ್ಟಳು. ಗಾಜು ಗಾಜಿಗೆ ತಾಗಿದಂಥ, ಯಂತ್ರ ಓಡಿದಂಥ ಗದ್ದಲ. ಕಿವಿ ಕೇಳಿಸದವರಿಗೆ ಅದರಿಂದ ಏನೂ ಆಗದು. ಅವರ ದನಿ ಇದ್ದಲ್ಲೇ ಇರುತ್ತದೆ. ಕೇಳಿಸುವವರು ಮಾತ್ರ ಗದ್ದಲ ಏರಿದ ಹಾಗೆ ತಮಗೆ ಅರಿವಿಲ್ಲದೆ ದನಿ ಏರಿಸುತ್ತಾರೆ. ಮುಖವನ್ನು ಪಳಗಿಸಬಹುದು, ಗಂಟಲನ್ನು ಪಳಗಿಸಲಾಗದು.

ದೊಡ್ಡವಳು ಹೇಳತೊಡಗಿದಳು. ಬಾಟಲಿ ಆ ಕಡೆಯಿಂದ ಬರುತ್ತದೆ. ಚಿಕ್ಕವಳು ಅದನ್ನು ಬೆಲ್ಟಿಗೆ ಹತ್ತಿಸುತ್ತಾಳೆ. ನಾನು ಈ ಕಡೆ ಒಡೆದದ್ದು, ಮಣ್ಣು ಹೋಗದ್ದು ಆರಿಸಿ ತೆಗೆಯುತ್ತೇನೆ. ಕಿವಿಯಮ್ಮ ಗದ್ದಲ ಏರಿಸಿದಳು. ದೊಡ್ಡವಳ ದನಿ ಏರಿತು. ಇನ್ನಷ್ಟು ಏರಿಸಿದಳು. ದೊಡ್ಡವಳು ಈಗ ಕಾರ್ಖಾನೆಯಲ್ಲೇ ನಿಂತವಳಂತೆ, ಕುತ್ತಿಗೆಯ ನರ ಉಬ್ಬಿಸಿಕೊಂಡು, ಗಾಜಿನಾಚೆ ಕೂಗಿ ಕೂಗಿ ಹೇಳುತ್ತಿದ್ದಳು. ಕೆಲಸದ ವಿವರ ಮುಗಿದು ಮಾತು ಆ ದಿನದ ಕಡೆಗೆ ತಿರುಗಿತ್ತು. ಕಂಬಿ ತೆಗೆದಿದ್ದರು, ಕೈ ಜೋಪಾನ ಎಂದು ಹೇಳೋಣವೆಂದುಕೊಂಡೆ, ಮಾತು ಬಿಟ್ಟಿದ್ದೆವಲ್ಲ, ಹೇಳಲಿಲ್ಲ ಎಂದು ಕಿರುಚಿ ಹೇಳಿದಳು.

ಕಿವಿಯಮ್ಮ ಗದ್ದಲವನ್ನು ತಟ್ಟನೆ ನಿಲ್ಲಿಸಿದಳು. ನಿಶ್ಶಬ್ದದಲ್ಲಿ ತನ್ನದೇ ಕೂಗು ಕೇಳಿ ದೊಡ್ಡವಳು ಬಾಯಿಗೆ ಕೈ ಅಡ್ಡ ಹಿಡಿದಳು. ಸಿಕ್ಕಿಬಿದ್ದೆನೆಂದು ಅವಳಿಗೆ ತಿಳಿಯಿತು.

ಬಾಯಿ ಮರೆಮಾಡುವ ಅಗತ್ಯ ಈಗಿರಲಿಲ್ಲ. ಆದರೂ ರೂಢಿಯಂತೆ ಮರೆಮಾಡಿಕೊಂಡೇ ಕಿವಿಯಮ್ಮ ಕೇಳಿದಳು: “ಅವಳು ಕೂಗಿದ್ದು ಕೇಳಿಸಿತಾ?”

“ಕೇಳಿಸ್ತು.”

“ಮತ್ತೆ?”

ದೊಡ್ಡವಳು ಕೈಯಲ್ಲಿದ್ದ ಗುಂಡಿಯನ್ನು ತೊಡೆಯ ಮೇಲಿಟ್ಟಳು. ಆಮೇಲೆ ಹೇಳಿದ್ದು ಇದು. ತನ್ನ ತಾಯಿ ಕೊಟ್ಟಿದ್ದ ಹಳೆಯ ಕುಕ್ಕರನ್ನು, ಮುಚ್ಚಳ ಸರಿಯಿಲ್ಲವೆಂದು ಚಿಕ್ಕವಳು ಕೇಳದೆ ಗುಜರಿಗೆ ಹಾಕಿದಳು. ಅಂದು ಮಾತು ನಿಂತಿತು. ಆದರೆ ಒಂದೇ ಅಡುಗೆಮನೆಯಲ್ಲಿ ಮಾತಾಡದೆ ಇರುವುದು ಹೇಗೆ? ಇಬ್ಬರೂ ಗಾಳಿಗೆ ಹೇಳಲು ಶುರುಮಾಡಿದರು. ಯಾರಾದರೂ ಹಾಲು ಇಳಿಸಿದರೆ ಒಳ್ಳೆಯದು. ಈ ಮನೆಯಲ್ಲಿ ಯಾರಿಗಾದರೂ ಕಣ್ಣಿದ್ದರೆ ಸೋಪು ಮುಗಿದದ್ದು ಕಾಣುತ್ತದೆ. ಗಾಳಿಗೆ ಹೇಳಿದ್ದಕ್ಕೆ ಉತ್ತರ ಕೊಟ್ಟವರು ಸೋತಂತೆ. ಹೀಗಾಗಿ ಹಾಲು ಉಕ್ಕಿ ಒಲೆ ಆರಿದರೂ ತಾನು ಏಳುತ್ತಿರಲಿಲ್ಲ; ಸೋಪಿಲ್ಲದೆ ಬಟ್ಟೆ ನೆನೆದಿದ್ದರೂ ಅವಳು ತರುತ್ತಿರಲಿಲ್ಲ.

“ಆವತ್ತೂ ಅವಳು ಯಾರಾದ್ರೂ ನಿಲ್ಸಿ ಅಂತ ಕೂಗಿದ್ಲು. ಅಕ್ಕಾ ಅಂದಿದ್ರೆ ಕೈ ತಾನಾಗೇ ಹೋಗ್ತಿತ್ತು. ಯಾರಾದ್ರೂ ಅಂದ್ಲು. ನಮ್ಮನೇಲಿ ಯಾರಾದ್ರೂ ಅಂದ್ರೆ ನಾನಲ್ಲ. ಕಣ್ಣು ಮಿಟುಕಿಸೋವಷ್ಟು ಹೊತ್ತು ಮೇಡಂ. ಅಷ್ಟೇ. ಆಮೇಲೆ ಒತ್ತಿದೆ.”

ಕಿವಿಯಮ್ಮ ಗೆದ್ದಾಗಿತ್ತು. ಎರಡೂ ಕಿವಿ ಚೆನ್ನಾಗಿವೆ ಎಂದು ಬರೆದು ಸಹಿ ಹಾಕಿದರೆ ಅವಳ ಕೆಲಸ ಮುಗಿಯುತ್ತಿತ್ತು. ಪೆನ್ನು ತೆಗೆದುಕೊಂಡಳು. ಆದರೆ ಅನುಮಾನ ಅವಳಿಗೆ ಉಸಿರಿನ ಹಾಗೆ, ಬೇಕೆಂದಾಗ ನಿಲ್ಲುವಂಥದ್ದಲ್ಲ. ಈ ಹೆಂಗಸು ಮುಖವನ್ನು ಇಷ್ಟು ಪಳಗಿಸಿಕೊಂಡವಳು. ಸಿಕ್ಕಿಬಿದ್ದ ಕ್ಷಣದಲ್ಲೇ ಇನ್ನೊಂದು ಚಂದದ ಕತೆ ಹೆಣೆದಿರಲಾರಳೇ? ದ್ವೇಷದಿಂದ ತಡಮಾಡಿದ್ದನ್ನು ಗಾಳಿಯ ಮೇಲೆ ಹಾಕುತ್ತಿರಲಾರಳೇ? ಪೆನ್ನನ್ನೂ ಹೆಡ್‌ಫೋನನ್ನೂ ಕೆಳಗಿಟ್ಟು, ಕಾರಿಡಾರಿನ ಬಾಗಿಲು ತೆರೆದು, ಬೆಂಚಿನ ತುದಿಯಲ್ಲಿ ಕುಳಿತಿದ್ದ ಚಿಕ್ಕವಳನ್ನು ಒಳಗೆ ಕರೆದಳು. ಮೇಲ್ವಿಚಾರಕ ಎದ್ದು ನಿಂತ. ಅವನಿಗೆ ಕೈಸನ್ನೆಯಲ್ಲೇ ಕೂರಲು ಹೇಳಿ ಬಾಗಿಲು ಹಾಕಿಕೊಂಡಳು.

ಗಾಜಿನಾಚೆ ದೊಡ್ಡವಳು ಹೆಡ್‌ಫೋನ್ ಹಾಕಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿ ಕುಳಿತಿದ್ದಳು. ಚಿಕ್ಕವಳು ಆ ಕಡೆ ನೋಡದೆ ಬಂದು ನಿಂತಳು.

“ನೀನು ಕೂಗೇ ಇಲ್ಲ, ಅಲ್ವಾ?”

“ಇಲ್ಲ.”

“ಸರಿ. ಕೂಗಿಲ್ಲ. ಒಂದು ವೇಳೆ ಕೂಗಿದ್ರೆ ಏನಂತ ಕೂಗ್ತಿದ್ದೆ?”

ಚಿಕ್ಕವಳು ಇದನ್ನು ನಿರೀಕ್ಷಿಸಿರಲಿಲ್ಲ. ಬ್ಯಾಂಡೇಜಿನ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು. “ಯಾರಾದ್ರೂ ನಿಲ್ಸಿ ಅಂತ,” ಎಂದಳು.

“ಪಕ್ಕದಲ್ಲಿ ನಿಂತೋಳು ಅವಳೊಬ್ಬಳೇ. ಅಕ್ಕಾ ಅಂತ ಯಾಕೆ ಕರೀತಿರಲಿಲ್ಲ?”

“ಬಾಯಿಗೆ ಬರ್ಲಿಲ್ಲ,” ಎಂದುಬಿಟ್ಟು, ಏನು ಹೇಳಿದೆನೆಂದು ತಿಳಿದು, ತುಟಿ ಕಚ್ಚಿಕೊಂಡಳು. ಆಮೇಲೆ ತಲೆ ತಗ್ಗಿಸಿಯೇ ಸೇರಿಸಿದಳು: “ನಾನೇ ಕರೀದಿರೋವಾಗ ಅವರು ಬರ್ಲಿಲ್ಲ ಅಂತ ಹೇಗಮ್ಮ ಹೇಳ್ಲಿ? ಅದಕ್ಕೇ ಕೂಗೇ ಇಲ್ಲ ಅಂತೀನಿ.”

ಇಬ್ಬರ ಮಾತೂ ತಾಳೆಯಾಗಿತ್ತು. ಕಿವಿಯಮ್ಮ ಮತ್ತೆ ಹೆಡ್‌ಫೋನ್ ಹಾಕಿಕೊಂಡು, ಮೇಜಿಗೊರಗಿ ಯೋಚಿಸಿದಳು. ಒಬ್ಬಳು, ತನಗೆ ಕಿವಿಯೇ ಕೇಳಿಸದು ಎನ್ನುತ್ತಾಳೆ. ಇನ್ನೊಬ್ಬಳು, ತಾನು ಕೂಗಲೇ ಇಲ್ಲ ಎನ್ನುತ್ತಾಳೆ. ಕೂಗದಿದ್ದ ಮೇಲೆ ಕಿವುಡು ಯಾಕೆ ಬೇಕು? ಒಂದೇ ಬೀಗಕ್ಕೆ ಇಬ್ಬರೂ ಬೇರೆ ಬೇರೆ ಕಳ್ಳಕೀಲಿ ಮಾಡಿಸಿಕೊಂಡು ಬಂದಿದ್ದಾರೆ. ಎರಡನ್ನೂ ಒಟ್ಟಿಗೆ ತೂರಿ ತಿರುಗಿಸಿದರೆ ಬೀಗವೇ ಕೆಡುತ್ತದೆ. ಕಿವಿ ಸರಿಯಿದೆ ಎಂಬ ಕಾಗದ ಹಿಡಿದು ದೊಡ್ಡವಳು ನಾಳೆ ವಿಚಾರಣೆಗೆ ಹೋಗುತ್ತಾಳೆ. ಕಿವುಡಿನ ನಾಟಕ ಬಿದ್ದ ಮೇಲೆ, ಈಗ ಒಪ್ಪಿಕೊಂಡ ಹಾಗೆ ಅಲ್ಲಿಯೂ ಕೇಳಿಸಿತೆಂದು ಒಪ್ಪಿಕೊಳ್ಳುತ್ತಾಳೆ. ಅದೇ ಹೊತ್ತಿಗೆ ಚಿಕ್ಕವಳು ಕೂಗಲೇ ಇಲ್ಲ ಎಂದು ಆಣೆ ಮಾಡುತ್ತಾಳೆ. ಇಸ್ತ್ರಿ ಅಂಗಿಯವನಿಗೆ ಇಬ್ಬರು ಸುಳ್ಳಿಯರು ಸಿಗುತ್ತಾರೆ. ಒಂದು ಕೆಲಸದ ಬದಲು ಎರಡು ಹೋಗುತ್ತದೆ, ಇಲ್ಲದ ಕಂಬಿಯ ಮಾತೇ ಏಳುವುದಿಲ್ಲ. ಇದಿಷ್ಟೂ ಯಾಕೆ? ಬೆಳಗ್ಗೆ ವ್ಯಾನಿನಲ್ಲಿ ಒಬ್ಬರನ್ನೊಬ್ಬರು, ನೀನೇನು ಹೇಳುತ್ತೀ ಎಂದು ಕೇಳಿಕೊಳ್ಳದಿದ್ದುದಕ್ಕೆ. ಇಂಥ ದಡ್ಡತನವನ್ನು ಅವಳು ಸುಳ್ಳರಲ್ಲಿ ಕಂಡಿರಲಿಲ್ಲ. ಸುಳ್ಳರು ಸಾಮಾನ್ಯವಾಗಿ ಮಾತಾಡಿಕೊಂಡು ಬರುತ್ತಾರೆ.

ಇದರಲ್ಲಿ ತನಗೆ ಸಂಬಂಧವಿರುವುದು ಏನೂ ಇಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತನಗೆ ಬೇಕಾದದ್ದು ಸಿಕ್ಕಿತ್ತು. ಪರೀಕ್ಷೆಗೆ ಬಂದವರು ಒಳಗೆ ಏನು ಹೇಳಿದರೂ ಅದು ಆ ಗಾಜಿನಿಂದ ಈಚೆ ಮೂರನೆಯವರಿಗೆ ಹೋಗಬಾರದು ಎಂಬುದು ನಿಯಮ. ಯಂತ್ರದ ಮುಂದೆ ಬೇರೆಯವರನ್ನು ಕೂರಿಸಬಾರದು ಎಂಬುದೂ ನಿಯಮವೇ. ಆ ಕುರ್ಚಿಯಲ್ಲಿ ಡಾಕ್ಟರು ಕುಳಿತರೂ ಅವಳು ಎಬ್ಬಿಸಿದ್ದುಂಟು.

ಅವಳ ಹೆಡ್‌ಫೋನಿನಲ್ಲಿ ಒಳಗಿನಿಂದ ದನಿ ಬಂತು. ಬಾಗಿಲ ಕಡೆ ನೋಡದೆಯೇ ದೊಡ್ಡವಳು ಮಾತಾಡುತ್ತಿದ್ದಳು. ಹೊರಗೆ ಕಿವಿಯಮ್ಮ ಒಬ್ಬಳೇ ಇದ್ದಾಳೆಂದು ಅವಳ ಎಣಿಕೆ. “ಬೆರಳು ನೋವು ಇದೆಯಾ ಅಂತ ಇನ್ನೂ ಕೇಳಿಲ್ಲ ಮೇಡಂ ನಾನು. ಹೇಗೆ ಕೇಳೋದು ಅಂತ ಗೊತ್ತಾಗ್ತಿಲ್ಲ.”

ಕಿವಿಯಮ್ಮ ತನ್ನ ಹೆಡ್‌ಫೋನನ್ನು ತಲೆಯಿಂದ ತೆಗೆದಳು. ಚಿಕ್ಕವಳ ಹೆಗಲು ಹಿಡಿದು ಕುರ್ಚಿಯಲ್ಲಿ ಕೂರಿಸಿ, ಅದನ್ನು ಅವಳ ತಲೆಗೆ ಹಾಕಿ, ಬ್ಯಾಂಡೇಜಿಲ್ಲದ ಕೈಯ ಪಕ್ಕಕ್ಕೆ ಮೈಕು ಸರಿಸಿ, ಅದರ ಗುಂಡಿ ತೋರಿಸಿದಳು. ಚಿಕ್ಕವಳು ಗಾಬರಿಯಿಂದ ಮೇಲೆ ನೋಡಿದಳು. ಅವಳಿಗೆ ಏನೊಂದೂ ಹೇಳದೆ ಕಿವಿಯಮ್ಮ ಕಾರಿಡಾರಿಗೆ ಬಂದು ಬಾಗಿಲನ್ನು ಎಳೆದುಕೊಂಡು, ಅದಕ್ಕೆ ಬೆನ್ನು ಕೊಟ್ಟು ನಿಂತಳು.

ಮೇಲ್ವಿಚಾರಕ ಎದ್ದು ಬಂದ. “ಆಯ್ತಾ ಮೇಡಂ? ರಿಪೋರ್ಟು?”

“ಇನ್ನೂ ಇಲ್ಲ,” ಎಂದಳು ಕಿವಿಯಮ್ಮ. “ಒಳಗೆ ಪರೀಕ್ಷೆ ನಡೀತಾ ಇದೆ.”